ಐದು ಸಾಲು ಮೇಲೆ

ಮೇಡಂ ನಾಲ್ಕು ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಕೆಳಗೆ ಸಹಿ ಇರುವ ಜಾಗವನ್ನು ಮಡಚಿ, ಮೇಲೆ ಹೆಸರಿರುವ ಜಾಗಕ್ಕೆ ಉದ್ದನೆಯ ಸ್ಟೀಲ್ ಸ್ಕೇಲನ್ನು ಅಡ್ಡ ಇಟ್ಟು, "ಇದರಲ್ಲಿ ನಿನ್ನದು ಯಾವುದು, ಹೇಳು ನೋಡೋಣ," ಎಂದರು.

ಹುಡುಗಿ ಬಗ್ಗಿ ನೋಡಿದಳು. ನಾಲ್ಕೂ ಪತ್ರಗಳು 'ತಮ್ಮ ಪ್ರತಿಷ್ಠಿತ ಕಚೇರಿಯಲ್ಲಿ' ಎಂದೇ ಶುರುವಾಗಿದ್ದವು. ನಾಲ್ಕನ್ನೂ ಬರೆದವರು ಶ್ರಮಜೀವಿಗಳು, ಕಲಿಯುವ ಹಂಬಲವುಳ್ಳವರು, ನಾಲ್ಕು ಜನರ ಜೊತೆ ಹೊಂದಿಕೊಂಡು ದುಡಿಯಬಲ್ಲವರು. ಅವಳು ಎರಡನೆಯದರ ಮೇಲೆ ಬೆರಳಿಟ್ಟಳು. ಮೇಡಂ ಸ್ಕೇಲು ಸರಿಸಿದರು. ಅದು ಅವಳ ಹಿಂದಿನ ಬೆಂಚಿನಲ್ಲಿ ಕೂರುವ, ಇಡೀ ಕಾಲೇಜು 'ಮೈಕು' ಎಂದು ಕರೆಯುವ ಹುಡುಗನ ಪತ್ರವಾಗಿತ್ತು. ಅವಳದು ನಾಲ್ಕನೆಯದು.

ಮೇಡಂ ನಗಲಿಲ್ಲ. ಅವರು ಇಪ್ಪತ್ತು ವರ್ಷ ನ್ಯಾಯಾಲಯಗಳಲ್ಲಿ ವಾದ ಮಾಡಿ, ಗಂಟಲು ಕೈಕೊಟ್ಟ ಮೇಲೆ ಈ ಕಾನೂನು ಕಾಲೇಜಿಗೆ ಬಂದು ವಿದ್ಯಾರ್ಥಿಗಳಿಗೆ ಕೆಲಸ ಹುಡುಕಿಕೊಡುವ ವಿಭಾಗವನ್ನು ನೋಡಿಕೊಳ್ಳುತ್ತಿದ್ದವರು. ಈಗ ಅವರಿಗಿದ್ದದ್ದು ಅರ್ಧ ದನಿ. ಹಾಗಾಗಿ ಅವರು ಆಡುವ ಮಾತೆಲ್ಲ ಗುಟ್ಟಿನಂತೆ ಕೇಳುತ್ತಿತ್ತು.

"ಎತ್ತಿಗೆ ಕಟ್ಟಿದ್ರೂ ಸರಿ, ಕತ್ತೆಗೆ ಕಟ್ಟಿದ್ರೂ ಸರಿ. ಇಂಥ ಪತ್ರ ಎಷ್ಟು ಕಳಿಸಿದೀಯಾ?"

"ಮೂವತ್ತೊಂದು."

"ಉತ್ತರ?"

"ಎರಡು. ಎರಡೂ ಇಲ್ಲ ಅಂತಲೇ."

ಇದನ್ನು ಹೇಳುವಾಗ ಅವಳ ದನಿಯಲ್ಲಿ ಬೇಸರವಾಗಲಿ, ನಾಚಿಕೆಯಾಗಲಿ ಇರಲಿಲ್ಲ. ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದವರಿಗೆ ಹೇಳಿದ ಹಾಗಿತ್ತು. ಅವಳು ಇದ್ದದ್ದೇ ಹಾಗೆ. ಕೂತು ಕೂತು ಕಾಲಿಗೆ ಜೋಮು ಹಿಡಿಯುತ್ತದಲ್ಲ, ಅವಳ ಮನಸ್ಸಿಗೆ ಹಾಗೆ ಜೋಮು ಹಿಡಿದು ವರ್ಷಗಳೇ ಆಗಿದ್ದವು. ಅಣಕು ನ್ಯಾಯಾಲಯದ ಸ್ಪರ್ಧೆಗಳಲ್ಲಿ ಬೇರೆಯವರು ಕರಿ ಕೋಟು ಹಾಕಿ ವಾದ ಮಾಡಿದರೆ, ಇವಳು ಹಿಂದೆ ಕೂತು ಹಳೆಯ ತೀರ್ಪುಗಳನ್ನು ಹುಡುಕಿ ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ ನಮೂದಿಸುತ್ತಿದ್ದಳು. ಅದರಿಂದಲೇ ಗೆಳತಿಯರು ಅವಳಿಗೆ 'ಅಡಿಟಿಪ್ಪಣಿ' ಎಂದು ಹೆಸರಿಟ್ಟಿದ್ದರು. ಕರೆದರೆ ಓಗೊಡುತ್ತಿದ್ದಳು.

ಮೇಡಂ ವಕೀಲರ ಕಚೇರಿಗಳ ಒಂದು ಪಟ್ಟಿಯನ್ನು ಅವಳತ್ತ ತಳ್ಳಿದರು. ಮೂವತ್ತೊಂದು ಕಡೆ ಕಲ್ಲೆಸೆಯುವುದು ಸಾಕು, ಒಂದೇ ಒಂದು ಕಚೇರಿಗೆ ಬರೆ, ಆದರೆ ಅಲ್ಲಿಗೇ ಯಾಕೆ ಹೋಗಬೇಕು ಅನ್ನುವುದಕ್ಕೆ ನಿನ್ನ ಹತ್ತಿರ ಒಂದು ಕಾರಣ ಇರಬೇಕು ಎಂದರು. ಕಾರಣ ನಿಜದ್ದಾಗಿರಬೇಕು, ಬೇರೆ ಯಾರೂ ಅದನ್ನು ಬರೆಯಲಾಗಬಾರದು. ನಾನು ಹಾಗೆ, ನಾನು ಹೀಗೆ ಎಂದು ಹೊಗಳಿಕೊಳ್ಳಬಾರದು. ಮಾಡಿದ ಒಂದು ಕೆಲಸ ತೋರಿಸಿದರೆ ಸಾಕು, ಓದುವವರು ತಾವೇ ತಿಳಿದುಕೊಳ್ಳುತ್ತಾರೆ. ಒಂದು ಪುಟ ದಾಟಕೂಡದು.

ಪಟ್ಟಿಯಲ್ಲಿ ಹದಿನಾಲ್ಕು ಕಚೇರಿಗಳಿದ್ದವು. ಹತ್ತನೆಯ ಹೆಸರು ಅವಳಿಗೆ ಹನ್ನೊಂದನೆಯ ವಯಸ್ಸಿನಿಂದಲೂ ಗೊತ್ತಿತ್ತು.

ಅವಳ ಅಪ್ಪ ಆಗ ಲಿಫ್ಟ್ ಮೆಕ್ಯಾನಿಕ್. ಒಂದು ದೊಡ್ಡ ಕಂಪನಿಯಲ್ಲಿ ಒಂಬತ್ತು ವರ್ಷದ ಸರ್ವಿಸು. ಹದಿನೈದು ದಿನಕ್ಕೊಮ್ಮೆ ಒಂದೊಂದು ಕಟ್ಟಡಕ್ಕೂ ಹೋಗಿ, ಹಗ್ಗ, ಬ್ರೇಕು, ಬಾಗಿಲು ಎಲ್ಲ ಪರೀಕ್ಷಿಸಿ ರಿಜಿಸ್ಟರಿನಲ್ಲಿ ಸಹಿ ಹಾಕಬೇಕಿತ್ತು. ಆತ ಹೋಗುತ್ತಿದ್ದ, ಕೆಲಸ ಮಾಡುತ್ತಿದ್ದ, ಆದರೆ ಬರೆಯುವುದೆಂದರೆ ಅಲರ್ಜಿ. ವರ್ಷದ ಕೊನೆಗೆ ತಪಾಸಣೆ ಬರುತ್ತದೆ ಎಂದು ಮೇಲ್ವಿಚಾರಕ ಅವಸರ ಮಾಡಿದಾಗ, ಒಂದು ಮಧ್ಯಾಹ್ನ ಕೂತು ಒಂದು ಕಟ್ಟಡದ ಇಪ್ಪತ್ತಾರು ಭೇಟಿಗಳನ್ನೂ ಒಂದೇ ಏಟಿಗೆ ತುಂಬಿಸಿಬಿಟ್ಟಿದ್ದ. ಅದರ ಮರುದಿನವೇ ಅದೇ ಕಟ್ಟಡದ ಲಿಫ್ಟು ಮೂರನೇ ಮಹಡಿಯಿಂದ ಜಾರಿತು. ಒಬ್ಬ ಹೆಂಗಸಿನ ಕಾಲು ಮುರಿಯಿತು. ಕಂಪನಿ ಅಪ್ಪನನ್ನು ಮನೆಗೆ ಕಳಿಸಿತು. ಅಪ್ಪ ಕಾರ್ಮಿಕ ನ್ಯಾಯಾಲಯಕ್ಕೆ ಹೋದ.

ಪಾಟೀಸವಾಲಿನ ದಿನ ಅವಳಿಗೆ ಶಾಲೆ ರಜೆ. ಅಮ್ಮನಿಗೆ ಬಟ್ಟೆ ಕಾರ್ಖಾನೆಯಲ್ಲಿ ಹಗಲು ಪಾಳಿ. ಬಿಟ್ಟುಹೋಗಲು ಯಾರೂ ಇಲ್ಲದೆ ಅಪ್ಪ ಅವಳನ್ನು ಜೊತೆಗೆ ಕರೆದುಕೊಂಡು ಹೋಗಿದ್ದ. ಹಿಂದಿನ ಬೆಂಚಿನಲ್ಲಿ ಕೂತು ಅವಳು ಎಲ್ಲವನ್ನೂ ನೋಡಿದಳು. ಕಂಪನಿಯ ವಕೀಲರು ಒಮ್ಮೆಯೂ ದನಿ ಎತ್ತಲಿಲ್ಲ. ಅಪ್ಪನನ್ನು 'ತಾವು' ಎಂದೇ ಮಾತನಾಡಿಸಿದರು. ಅಪ್ಪನ ಮುಂದೆ ರಿಜಿಸ್ಟರು ಇಟ್ಟು, ಹನ್ನೆರಡು ತಿಂಗಳೂ ಒಂದೇ ಪೆನ್ನು ಹೇಗೆ ಬಂತು, ಇಪ್ಪತ್ತಾರು ಸಾಲಿಗೂ ಇಂಕು ಒಂದೇ ಸಮ ಇರುವುದು ಹೇಗೆ ಎಂದು ಕೇಳಿದರು. ಅಪ್ಪ, "ಒಂದೇ ದಿನ ಬರೆದೆ. ಆದ್ರೆ ಹೋಗಿದ್ದೆ," ಎಂದ. ವಕೀಲರು, "ಹೋಗಿದ್ದಕ್ಕೆ ಬೇರೇನಾದರೂ ಸಾಕ್ಷಿ ಇದೆಯಾ?" ಎಂದು ಕೇಳಿದರು. ಅಪ್ಪ ತನ್ನ ವಕೀಲನ ಕಡೆ ತಿರುಗಿದ. ಕಾರ್ಮಿಕ ಸಂಘದ ಕಡೆಯಿಂದ ಬಂದಿದ್ದ ಆತ ಕೈಗಡಿಯಾರ ನೋಡಿಕೊಳ್ಳುತ್ತಿದ್ದ. ಹುಡುಗಿಗೆ ಮೊದಲು ಕಿವಿ ಬಿಸಿಯಾಯಿತು, ಆಮೇಲೆ ಏನೂ ಆಗಲಿಲ್ಲ. ಏನೂ ಆಗದೆ ಇರುವುದು ಅವತ್ತಿನಿಂದ ಅಭ್ಯಾಸವಾಯಿತು.

ಕೇಸು ಬಿದ್ದುಹೋಯಿತು. ಅಪ್ಪ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿಗೆ ಕೂತ. ಮಗಳು ಕಾನೂನು ಓದುತ್ತೇನೆ ಎಂದಾಗ ಯಾಕೆ ಎಂದು ಕೇಳಲಿಲ್ಲ.

ಪಟ್ಟಿಯ ಹತ್ತನೆಯ ಹೆಸರು ಕಂಪನಿಯ ಆ ವಕೀಲರದು.

ಮೇಡಂ ಹೇಳಿದಂಥ ಕಾರಣ ಅವಳ ಹತ್ತಿರ ಇತ್ತು. ಎರಡು ವರ್ಷದ ಕೆಳಗೆ, ಯಾವುದಾದರೂ ಹಳೆಯ ಪ್ರಕರಣದ ಕಡತ ತರಿಸಿ ಓದಿ ಎಂದು ಕಾಲೇಜಿನಲ್ಲಿ ಹೇಳಿದ್ದಾಗ, ಅವಳು ಯಾರಿಗೂ ತಿಳಿಸದೆ ಅಪ್ಪನ ಕಡತದ ನಕಲಿಗೆ ಅರ್ಜಿ ಹಾಕಿದ್ದಳು. ನೂರ ನಲವತ್ತು ಪುಟ. ಅದರಲ್ಲಿ ಕಟ್ಟಡದ ಗೇಟಿನ ಪುಸ್ತಕದ ಒಂದು ಪುಟವಿತ್ತು. ಅಪಘಾತ ಎಷ್ಟು ಹೊತ್ತಿಗಾಯಿತು ಎಂದು ತೋರಿಸಲು ಕಂಪನಿಯ ವಕೀಲರೇ ಹಾಜರುಪಡಿಸಿದ್ದು. ಕಾಲು ಮುರಿದುಕೊಂಡ ಹೆಂಗಸಿನ ಹೆಸರಿಗೆ ಕೆಂಪು ಗೆರೆ ಎಳೆದಿತ್ತು. ಅದರಿಂದ ಐದು ಸಾಲು ಮೇಲೆ, ಹಿಂದಿನ ದಿನದ ತಾರೀಕಿನಲ್ಲಿ, ಕಾವಲುಗಾರನ ಓರೆ ಅಕ್ಷರದಲ್ಲಿ ಅಪ್ಪನ ಹೆಸರಿತ್ತು. ಬಂದದ್ದು ಹತ್ತು ಹತ್ತಕ್ಕೆ. ಹೋದದ್ದು ಹನ್ನೊಂದು ಐವತ್ತಕ್ಕೆ. ಕೆಲಸ: ಲಿಫ್ಟಿನ ಬ್ರೇಕು.

ಅದೇ ಇಪ್ಪತ್ತಾರನೆಯ ಭೇಟಿ. ಒಂದು ಪುಟ ಇತ್ತೆಂದರೆ ಉಳಿದ ಪುಟಗಳೂ ಎಲ್ಲೋ ಇದ್ದವು. ಯಾರೂ ಕೇಳಿರಲಿಲ್ಲ. ಅವಳು ಆ ಪುಟವನ್ನು ಮಡಚಿ ಒಂದು ದಪ್ಪ ಪುಸ್ತಕದೊಳಗೆ ಇಟ್ಟಳು. ಅಪ್ಪನಿಗೆ ಹೇಳಲಿಲ್ಲ. ಮೇಲ್ಮನವಿಯ ಅವಧಿ ಮುಗಿದು ಎಷ್ಟೋ ವರ್ಷಗಳಾಗಿದ್ದವು. ಹೇಳಿ ಏನು ಮಾಡುವುದು, ಆರಿದ ಗಾಯವನ್ನು ಕೆರೆಯುವುದಷ್ಟೇ ಎಂದುಕೊಂಡಳು.

ಆ ಭಾನುವಾರ ಹಗಲಿನಲ್ಲಿ ಊಟದ ಮೇಜಿನ ಮುಂದೆ ಕೂತು ಪತ್ರ ಬರೆದಳು. ಎರಡು ತಾಸು ಹಿಡಿಯಿತು.

'ಹನ್ನೆರಡು ವರ್ಷಗಳ ಹಿಂದೆ ತಾವು ಕಾರ್ಮಿಕ ನ್ಯಾಯಾಲಯದಲ್ಲಿ ಒಬ್ಬ ಲಿಫ್ಟ್ ಮೆಕ್ಯಾನಿಕ್ಕನ್ನು ಪಾಟೀಸವಾಲಿಗೆ ಒಳಪಡಿಸಿದ್ದಿರಿ. ನಾನು ಅವರ ಮಗಳು. ಆ ದಿನ ಹಿಂದಿನ ಬೆಂಚಿನಲ್ಲಿದ್ದೆ. ತಮ್ಮ ಪ್ರಶ್ನೆಗಳಲ್ಲಿ ಅನ್ಯಾಯವೇನೂ ಇರಲಿಲ್ಲ. ರಿಜಿಸ್ಟರನ್ನು ನನ್ನ ತಂದೆ ಒಂದೇ ದಿನ ತುಂಬಿಸಿದ್ದು ನಿಜ.

'ಮೂರನೆಯ ವರ್ಷದಲ್ಲಿ ಆ ಕಡತವನ್ನು ತರಿಸಿ ಓದಿದೆ. ತಾವು ಹಾಜರುಪಡಿಸಿದ ಗೇಟ್ ಪುಸ್ತಕದ ಪುಟದಲ್ಲಿ, ಕೆಂಪು ಗೆರೆ ಎಳೆದ ಸಾಲಿಗಿಂತ ಐದು ಸಾಲು ಮೇಲೆ, ನನ್ನ ತಂದೆ ಹಿಂದಿನ ದಿನ ಬ್ರೇಕ್ ಶೂ ಪರೀಕ್ಷೆಗೆ ಬಂದು ಹೋದದ್ದು ದಾಖಲಾಗಿದೆ. ಅವರ ವಕೀಲರು ಅದನ್ನು ಓದಿರಲಿಲ್ಲ. ನಾನು ದಾಖಲೆಗಳನ್ನು ಕೊನೆಯ ಸಾಲಿನ ತನಕ ಓದುತ್ತೇನೆ. ನನಗೆ ಬರುವುದು ಇದೊಂದೇ ಕೆಲಸ. ಉಳಿದದ್ದನ್ನು ತಮ್ಮ ಕಚೇರಿಯಲ್ಲಿ ಕಲಿಯಬೇಕೆಂದಿದ್ದೇನೆ.'

ಇನ್ನೂ ನಾಲ್ಕು ಸಾಲು, ಓದಿನ ವಿವರ, ಸಹಿ. ಮುಗಿಸಿದಾಗ ಅವಳಿಗೆ ಒಂದು ವಿಷಯ ಸ್ಪಷ್ಟವಾಯಿತು. ಇದನ್ನು ಅಪ್ಪನಿಗೆ ತೋರಿಸದೆ ಕಳಿಸುವ ಹಾಗಿಲ್ಲ.

ಮುಂದಿನ ಕೋಣೆಯಲ್ಲಿ ಅಪ್ಪ ಒಂದು ಹೊಲಿಗೆ ಯಂತ್ರವನ್ನು ಅಂಗಾತ ಮಲಗಿಸಿ ಎಣ್ಣೆ ಬಿಡುತ್ತಿದ್ದ. ಅವಳು ಹಾಳೆಯನ್ನೂ ಆ ನಕಲು ಪುಟವನ್ನೂ ಒಟ್ಟಿಗೆ ಕೊಟ್ಟಳು. ಅಪ್ಪ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಓದಿದ. ಆಮೇಲೆ ನಕಲು ಪುಟ ಹಿಡಿದು ಕಿಟಕಿಯ ಹತ್ತಿರ ಹೋದ. ಬೆರಳಿಟ್ಟು ಸಾಲು ಎಣಿಸಿದ. ಮತ್ತೆ ಮೊದಲಿನಿಂದ ಎಣಿಸಿದ. ಎಣ್ಣೆಯ ಡಬ್ಬಿ ವಾಲಿ ನೆಲದ ಮೇಲೆ ಸುರಿಯತೊಡಗಿತ್ತು. ಅವಳು ಅದನ್ನು ನೋಡಿದಳು, ಎತ್ತಿಡಬೇಕೆಂದು ಹೊಳೆಯಲಿಲ್ಲ.

"ಯಾವಾಗ ಸಿಕ್ತು?"

"ಎರಡು ವರ್ಷ ಆಯ್ತಪ್ಪ."

ಅಪ್ಪ ತಲೆ ಆಡಿಸಿದ. ಯಾಕೆ ಹೇಳಲಿಲ್ಲ ಎಂದು ಕೇಳುತ್ತಾನೆಂದು ಕಾದಳು. ಆತ ಪತ್ರ ವಾಪಸು ಕೊಡುತ್ತಾ, "ಬ್ರೇಕ್ ಶೂ ಅಲ್ಲ, ಅದಕ್ಕೆ ಅಂಟಿಸಿರೋ ಲೈನಿಂಗ್. ತಿಳಿದವರು ಓದಿದ್ರೆ ನಗ್ತಾರೆ," ಎಂದ. ಅಷ್ಟೇ. ಮತ್ತೆ ಯಂತ್ರದ ಮುಂದೆ ಕೂತ.

ಭಾನುವಾರದ ಹೆಚ್ಚುವರಿ ಪಾಳಿ ಮುಗಿಸಿ ಬಂದ ಅಮ್ಮನಿಗೆ ವಿಷಯ ತಿಳಿದದ್ದೇ ತಡ, ಮನೆ ಒಂದು ಮಾಡಿದಳು. ಅಮ್ಮ ಇಡೀ ದಿನ ಯಂತ್ರಗಳ ಗದ್ದಲದಲ್ಲಿ ಕೂಗಿ ಮಾತಾಡಿ ಅಭ್ಯಾಸವಾದವಳು, ಅವಳ ಪಿಸುಮಾತೂ ಪಕ್ಕದ ಮನೆಗೆ ಕೇಳುತ್ತಿತ್ತು. ಕೈ ಹಾಕೋಕೆ ಈ ಹುಡುಗಿಗೆ ಬೇರೆ ಹುತ್ತವೇ ಸಿಗಲಿಲ್ಲವೇ ಎಂದಳು. ಗಂಡನ ಅನ್ನ ಕಸಿದವನ ಮುಂದೆ ಮಗಳು ಕೈ ಕಟ್ಟಿ ನಿಲ್ಲಬೇಕೇ ಎಂದಳು. ಅಪ್ಪ ಊಟ ಮಾಡುತ್ತಲೇ ಇದ್ದ. ಕೊನೆಗೆ, "ಈಜು ಬರೋನ ಹತ್ರಾನೇ ಈಜು ಕಲೀಬೇಕು," ಎಂದು ಎದ್ದು ಕೈ ತೊಳೆದ.

ಮರುದಿನ ಬೆಳಿಗ್ಗೆ ಅವಳು ಕಾಲೇಜಿಗೆ ಹೊರಟಾಗ ಅಪ್ಪ ಬಾಗಿಲ ತನಕ ಬಂದ. ಚಪ್ಪಲಿ ಹಾಕಿಕೊಳ್ಳುತ್ತಿದ್ದವಳ ಹಿಂದೆ ನಿಂತು, ಅವಳ ಮುಖ ನೋಡದೆ ಹೇಳಿದ.

"ಪುಟ್ಟಿ, ಎಷ್ಟು ಸಲ ಆ ಪ್ರಶ್ನೆ ಕೇಳಿಕೊಂಡಿದ್ದೀನಿ ಗೊತ್ತಾ. ಸಾಕ್ಷಿ ಇದೆಯಾ, ಸಾಕ್ಷಿ ಇದೆಯಾ ಅಂತ. ಇತ್ತೀಚೆಗೆ ನಾನೇ ಹೋಗಿರಲಿಲ್ವೇನೋ ಅನ್ನಿಸೋಕೆ ಶುರುವಾಗಿತ್ತು."

ಅವಳು ಚಪ್ಪಲಿಯ ಪಟ್ಟಿಯನ್ನು ಬಿಗಿದಳು, ಸಡಿಲ ಮಾಡಿದಳು, ಮತ್ತೆ ಬಿಗಿದಳು. ಈಗ ಏನಾದರೂ ಹೇಳಬೇಕು ಅನ್ನುವುದು ತಿಳಿದಿತ್ತು. "ಬರ್ತೀನಪ್ಪ," ಎಂದಳು.

ಬಸ್ಸಿನಲ್ಲಿ ಕೂತಾಗ ಲೆಕ್ಕ ಹಾಕಿದಳು. ಎರಡು ವರ್ಷ. ಅವಳು ಆ ಪುಟವನ್ನು ಮೊದಲೇ ಕೊಟ್ಟಿದ್ದರೆ, ಆ ಎರಡು ವರ್ಷ ಅಪ್ಪನಿಗೆ ತನ್ನ ಮೇಲೆ ಅನುಮಾನ ಇರುತ್ತಿರಲಿಲ್ಲ. ಇದು ಎದೆ ಹಿಂಡಬೇಕಾದ ವಿಷಯವೆಂದು ಅವಳ ಬುದ್ಧಿಗೆ ಹೊಳೆಯಿತು. ಎದೆ ಮಾತ್ರ ಸುಮ್ಮನಿತ್ತು.

ಮೇಡಂ ಪತ್ರವನ್ನು ಎರಡು ಸಲ ಓದಿದರು. ಒಂದು ಅಲ್ಪವಿರಾಮ ತೆಗೆದರು. "ಕಳಿಸು," ಎಂದರು. ಆಮೇಲೆ ಕಿಟಕಿ ತೆರೆಯುವ ನೆಪದಲ್ಲಿ ಎದ್ದುಹೋದರು.

ಆರನೆಯ ದಿನಕ್ಕೆ ಕರೆ ಬಂತು.

ವಕೀಲರ ಕಚೇರಿ ಐದನೇ ಮಹಡಿಯಲ್ಲಿತ್ತು. ಗಾಜಿನ ಗೋಡೆಗಳ ಹಿಂದೆ ಕಿರಿಯ ವಕೀಲರು ಕಡತಗಳ ಗುಡ್ಡೆಗಳ ನಡುವೆ ತಲೆ ತಗ್ಗಿಸಿ ಕೂತಿದ್ದರು. ಕಾಯಲು ಕೂರಿಸಿದ ಕೋಣೆಯ ಕುರ್ಚಿಗಳು ಎಷ್ಟು ಮೆತ್ತಗಿದ್ದವೆಂದರೆ ಕೂತವರು ಎದ್ದು ಬರಲು ಯಾರಾದರೂ ಕೈ ಕೊಡಬೇಕಿತ್ತು.

ಒಳಗೆ ಇಬ್ಬರಿದ್ದರು. ಅವಳು ನೆನಪಿಟ್ಟುಕೊಂಡಿದ್ದ ವಕೀಲರಿಗೆ ಈಗ ತಲೆಯೆಲ್ಲ ನೆರೆತು, ಎಡಗಿವಿಗೆ ಶ್ರವಣಯಂತ್ರ ಬಂದಿತ್ತು. ಪಕ್ಕದಲ್ಲಿ ಕಚೇರಿಯ ಪಾಲುದಾರ ವಕೀಲೆ, ನಲವತ್ತರ ಆಸುಪಾಸಿನವರು. ಆಕೆಯೇ ಮಾಮೂಲಿ ಪ್ರಶ್ನೆಗಳನ್ನೆಲ್ಲ ಕೇಳಿದರು. ಅಂಕಗಳು, ಯಾವ ವಿಷಯ ಇಷ್ಟ, ಎಷ್ಟು ಹೊತ್ತಿನ ತನಕ ಇರಬಲ್ಲಿರಿ. ಅವಳು ಉತ್ತರ ಕೊಟ್ಟಳು. ವಕೀಲರು ಅವಳ ಪತ್ರವನ್ನು ಮೇಜಿನ ಮೇಲೆ ಅಂಗೈಯಲ್ಲಿ ಒತ್ತಿ ಹಿಡಿದುಕೊಂಡು ಸುಮ್ಮನೆ ಕೇಳುತ್ತಿದ್ದರು. ಆಮೇಲೆ ಹಳೆಯ, ದಾರ ಕಟ್ಟಿದ ಒಂದು ಕಡತವನ್ನು ಮುಂದಕ್ಕೆ ಎಳೆದುಕೊಂಡರು. ತರಿಸಿ ಓದಿದ್ದರು.

"ಆ ಸಾಲು ನಾನು ನೋಡಿದ್ದೆ," ಎಂದರು.

"ಈಗ್ಲಾ ಸರ್?"

"ಆಗಲೇ. ಕೋರ್ಟಿಗೆ ಕೊಡೋ ಹಿಂದಿನ ದಿನ." ಅವರು ಕಣ್ಣು ತಪ್ಪಿಸಲಿಲ್ಲ. "ಆ ಪುಟ ನಾನು ಮುಚ್ಚಿಡಲಿಲ್ಲ. ಹಾಜರುಪಡಿಸಿದೆ. ಓದಬೇಕಾದವರು ಓದಲಿಲ್ಲ. ಅವರ ಪರವಾಗಿ ಓದಿ ಹೇಳೋದು ನನ್ನ ಕೆಲಸ ಆಗಿರಲಿಲ್ಲ."

ಅವರ ಮಾತಿನಲ್ಲಿ ಕಾನೂನಿನ ಪ್ರಕಾರ ಒಂದಕ್ಷರ ತಪ್ಪಿರಲಿಲ್ಲ. ಐದು ವರ್ಷ ಓದಿದವಳಿಗೆ ಅದು ಗೊತ್ತಿತ್ತು. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ಅವಳೂ ಹಾಗೆಯೇ ಬರೆಯುತ್ತಿದ್ದಳು.

"ನಮ್ಮ ತಂದೆಯ ವಕೀಲರು ಆವತ್ತು ಆ ಪುಟ ತೆಗೆದು ತೋರಿಸಿದ್ದಿದ್ರೆ?" ಎಂದು ಕೇಳಿದಳು.

"ನಾನು ಸೋಲ್ತಿದ್ದೆ."

ಪಾಲುದಾರ ವಕೀಲೆ ಬರೆಯುವುದನ್ನು ನಿಲ್ಲಿಸಿದರು. ನಿಮಗೆ ಕೋಪ ಇಲ್ಲವೇ ಎಂದು ಮೆಲ್ಲಗೆ ಕೇಳಿದರು. ಹುಡುಗಿ ಪ್ರಾಮಾಣಿಕವಾಗಿ ಹುಡುಕಿ ನೋಡಿದಳು. "ಇರಬೇಕು ಮೇಡಂ. ಈಗ ಗೊತ್ತಾಗ್ತಿಲ್ಲ," ಎಂದಳು.

ವಕೀಲರು ಕಡತದ ದಾರ ಕಟ್ಟಿದರು. ಗಂಟು ಎರಡನೆಯ ಸಲಕ್ಕೆ ಬಿತ್ತು. ಒಂದನೇ ತಾರೀಕಿನಿಂದ ಬರ್ತೀರಾ ಎಂದು ಕೇಳಿದರು.

"ಬರ್ತೀನಿ ಸರ್."

ಮಾತು ಬಾಯಿಂದ ಹೊರಟ ಮೇಲೆ ಅವಳಿಗೂ ಕೇಳಿಸಿತು.

ಮನೆಗೆ ಬಂದು ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದಳು. ಅಮ್ಮ ಕೈಯಲ್ಲಿದ್ದ ಪಾತ್ರೆಯನ್ನು ಕುಕ್ಕಿ ಒಳಗೆ ಹೋದವಳು ನಾಲ್ಕು ದಿನ ಮಗಳ ಜೊತೆ ಮಾತಾಡಲಿಲ್ಲ. ನೋಡಿದ್ದನಂತೆ, ನೋಡಿಯೂ ಬಾಯಿ ಬಿಡಲಿಲ್ಲವಂತೆ ಎಂದು ಗೋಡೆಗೆ ಹೇಳಿದಳು, ಸಿಂಕಿಗೆ ಹೇಳಿದಳು. ಅಪ್ಪ ಮಾತ್ರ ಆ ಒಂದು ಮಾತನ್ನು ಮತ್ತೆ ಮತ್ತೆ ಹೇಳಿಸಿದ. ಅವರು ನಿಖರವಾಗಿ ಏನಂದರು? ಆಗಲೇ ನೋಡಿದ್ದೆ ಅಂದರಾ?

"ಹಾಗಾದ್ರೆ ಅವರಿಗೂ ಗೊತ್ತಿತ್ತು, ನಾನು ಹೋಗಿದ್ದು," ಎಂದ.

ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಾಕ್ಷಿಯೇ ಇಲ್ಲ ಅಂದುಕೊಂಡಿದ್ದವನಿಗೆ ಸಾಕ್ಷಿಯೊಬ್ಬ ಸಿಕ್ಕಿದ್ದ. ಆ ಸಾಕ್ಷಿ ಯಾರ ಕಡೆಯವನು ಎಂಬುದು ಅವನಿಗೆ ದೊಡ್ಡ ಸಂಗತಿಯಾಗಿ ಕಂಡಂತಿರಲಿಲ್ಲ. ಮಗಳಿಗೆ ಇದು ಅರ್ಥವಾಗಲಿಲ್ಲ. ಅಮ್ಮನ ಸಿಟ್ಟು ಅರ್ಥವಾಯಿತು, ಆದರೆ ಅದನ್ನು ಹಂಚಿಕೊಳ್ಳಲು ಆಗಲಿಲ್ಲ.

ಒಂದನೇ ತಾರೀಕಿನಿಂದ ಕೆಲಸಕ್ಕೆ ಹೋದಳು. ರಿಜಿಸ್ಟರುಗಳು, ಹಾಜರಿ ಪುಸ್ತಕಗಳು, ಗೇಟಿನ ಪುಸ್ತಕಗಳು ಅವಳ ಮೇಜಿಗೆ ಬಂದವು. ಅವಳು ಓದಿ, ಎದುರಿನವರಿಗೆ ಅನುಕೂಲವಾಗುವ ಸಾಲುಗಳನ್ನೂ ತಮ್ಮವರಿಗೆ ಅನುಕೂಲವಾಗುವ ಸಾಲುಗಳನ್ನೂ ಎರಡು ಬೇರೆ ಹಾಳೆಗಳಲ್ಲಿ ಬರೆದು ಕೊಡುತ್ತಿದ್ದಳು. ಎದುರಿನವರಿಗೆ ಅನುಕೂಲದ ಹಾಳೆ ಬಂದಾಗ ವಕೀಲರು ಕಕ್ಷಿದಾರರನ್ನು ಕರೆಸಿ, ಇದು ಬಯಲಾಗುವ ಮೊದಲೇ ರಾಜಿ ಮಾಡಿಕೊಳ್ಳಿ ಅನ್ನುವುದು ಉಂಟು. ಎಲ್ಲ ಸಲವೂ ಅಲ್ಲ. ಹಾಗಲ್ಲದ ದಿನಗಳಲ್ಲಿ ಅವಳು ಬೇಗ ಮನೆಗೆ ಹೋಗಿ ಮಲಗುತ್ತಿದ್ದಳು.

ಮೂರನೆಯ ತಿಂಗಳಲ್ಲಿ ಅಪ್ಪ ಒಂದು ಸಂಜೆ ಅವಳ ಮುಂದೆ ಕಾಗದದ ಚೂರೊಂದನ್ನು ಇಟ್ಟ. ಬಿಡಿಭಾಗದ ಅಂಗಡಿಯಲ್ಲಿ ಅಂಟಿಸಿದ್ದನ್ನು ನೋಡಿ ಬರೆದುಕೊಂಡು ಬಂದಿದ್ದ. ತಾಂತ್ರಿಕ ತರಬೇತಿ ಕೇಂದ್ರವೊಂದಕ್ಕೆ ಲಿಫ್ಟ್ ಕೆಲಸ ಕಲಿಸುವವರು ಬೇಕಾಗಿದ್ದರು, ವಾರಕ್ಕೆ ಎರಡು ದಿನ. ಹನ್ನೆರಡು ವರ್ಷದಿಂದ ಆ ಕೆಲಸದ ಹೆಸರನ್ನೇ ಎತ್ತದಿದ್ದವನು, "ಒಂದು ಪತ್ರ ಬೇಕಲ್ಲ," ಎಂದ.

ಅವಳು ಬರೆಯಲು ಕೂತಳು. ಅಪ್ಪ ಅಡ್ಡಾಡುತ್ತಾ ಹೇಳಿದ. ಒಂಬತ್ತು ವರ್ಷ, ಇಂತಿಂಥ ಬಗೆಯ ಲಿಫ್ಟುಗಳು, ಇಷ್ಟು ಕಟ್ಟಡಗಳು. ಆಮೇಲೆ ನಿಂತ. ಅಪಘಾತದ ವಿಷಯ ಬಿಟ್ಟುಬಿಡಬಹುದು, ಅವರು ಕೇಳಿದರೆ ಹೇಳಿದರಾಯಿತು ಎಂದು ಅವಳು ಹೇಳಿದಳು. ಅಪ್ಪ ಒಪ್ಪಲಿಲ್ಲ. ಅವನು ಹೇಳಿದ ಹಾಗೆಯೇ ಬರೆದಳು: 'ನಾನು ಇಪ್ಪತ್ತಾರು ಸಲ ಹೋಗಿದ್ದೆ, ಒಂದೇ ದಿನ ಬರೆದೆ. ಅದರಿಂದ ಕೆಲಸ ಕಳೆದುಕೊಂಡೆ. ಬ್ರೇಕ್ ಹೇಗೆ ನೋಡಬೇಕು ಅನ್ನುವುದರ ಜೊತೆಗೆ, ನೋಡಿದ ಕೂಡಲೇ ಯಾಕೆ ಬರೆದಿಡಬೇಕು ಅನ್ನುವುದನ್ನೂ ಕಲಿಸಬಲ್ಲೆ.' ಅವಳು ಅದರಲ್ಲಿ ಒಂದಕ್ಷರವನ್ನೂ ತಿದ್ದಲಿಲ್ಲ.

ಅವರು ಕರೆದರು. ಮಂಗಳವಾರ ಮತ್ತು ಶುಕ್ರವಾರ. ಅಮ್ಮ ಬೈಯುತ್ತಲೇ ಅವನಿಗೆ ಎರಡು ಅಂಗಿ ಹೊಲಿದುಕೊಟ್ಟಳು.

ಒಂದು ಶುಕ್ರವಾರ ನ್ಯಾಯಾಲಯದ ಕೆಲಸ ಬೇಗ ಮುಗಿದು ಅವಳು ಆ ದಾರಿಯಲ್ಲೇ ಬಂದಳು. ತರಬೇತಿ ಕೇಂದ್ರದ ಕಿಟಕಿಗಳು ರಸ್ತೆಗೆ ತೆರೆದಿದ್ದವು. ಒಳಗೆ ಹದಿನೆಂಟು ಇಪ್ಪತ್ತು ಜನ ಒಂದು ಮೋಟಾರಿನ ಸುತ್ತ ನಿಂತಿದ್ದರು, ಅಪ್ಪ ಅವರ ನಡುವೆ ಮಂಡಿಯೂರಿ ಕೂತು ಏನನ್ನೋ ಬಿಚ್ಚಿ ತೋರಿಸುತ್ತಿದ್ದ. ಯಾರೋ ಏನೋ ಕೇಳಿದರು. ಅಪ್ಪ ತಲೆಯೆತ್ತಿ ಉತ್ತರ ಹೇಳಿದ. ಮಾತು ಕೇಳಿಸಲಿಲ್ಲ. ಆದರೆ ಉದ್ದಕ್ಕೆ ಹೇಳಿದ, ಕೈಯಾಡಿಸಿ ಹೇಳಿದ. ಅವನು ಅಷ್ಟು ಉದ್ದಕ್ಕೆ ಮಾತಾಡಿದ್ದನ್ನು ಅವಳು ನೋಡಿ ಎಷ್ಟು ವರ್ಷವಾಯಿತೋ.

ಎದುರಿನ ಬಸ್ ನಿಲ್ದಾಣಕ್ಕೆ ಹೋಗಿ ಕೂತಳು. ಅವಳ ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬಳು ಹುಷಾರಿಲ್ವೇನಮ್ಮ ಎಂದು ಕೇಳಿ, ಕೈಚೀಲದಿಂದ ಕರವಸ್ತ್ರ ತೆಗೆದು ಕೊಟ್ಟಳು. ಯಾಕೆ ಕೊಡುತ್ತಿದ್ದಾಳೆಂದು ಹುಡುಗಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ತೆಗೆದುಕೊಂಡಳು.